ಯಾರ ಹೆಸರೂ ಕೂಗದ ಇಳಿಜಾರು

ಸೂರ್ಯ ಇನ್ನೂ ಕೆಂಪು ಬಂಡೆಗಳ ಹಿಂದೆಯೇ ಇದ್ದಾನೆ. ಮಿಲ್ ಬೆಂಡ್ ಊರಿನ ಹಿಂದಿನ ಓಣಿಯಲ್ಲಿ, ಹಳೆಯ ಚಿತ್ರಮಂದಿರದ ಬೆನ್ನಿಗೆ ಅಂಟಿಕೊಂಡಿರುವ ತಗಡಿನ ಕುಲುಮೆಯ ಅಂಗಳದಲ್ಲಿ ಆಗಲೇ ಬೆಂಕಿ ಎದ್ದಿದೆ. ನೆಲದ ಮೇಲೆ ಮಲಗಿಸಿದ ದೊಡ್ಡದೊಂದು ಕಬ್ಬಿಣದ ಬಳೆ, ಅದರ ಸುತ್ತ ಒಟ್ಟಿದ ಜೂನಿಪರ್ ಮರದ ಕೊರಡು. ಹೊಗೆಯ ಘಾಟಿಗೆ ಕಣ್ಣು ಕಿರಿದು ಮಾಡಿಕೊಂಡು ಥೋರಾ ಆಲ್ರೆಡ್ ಒಂದು ಒಣಕಡ್ಡಿಯನ್ನು ಕಬ್ಬಿಣದ ಮೇಲೆ ಒತ್ತಿ ಎಳೆಯುತ್ತಾರೆ. ಕಡ್ಡಿ ತಡೆತಡೆದು ಸರಿಯುತ್ತದೆ. "ಇನ್ನೂ ಕಾದಿಲ್ಲ" ಎಂದು ತಮಗೆ ತಾವೇ ಹೇಳಿಕೊಂಡು ಇನ್ನೆರಡು ಕೊರಡು ತಳ್ಳುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆಯುತ್ತಾರೆ. ಈ ಸಲ ಕಡ್ಡಿ ಎಣ್ಣೆ ಹಚ್ಚಿದ ಹಾಗೆ ಜಾರಿ, ತುದಿಯಲ್ಲಿ ಹೊಗೆ ಕಾರುತ್ತದೆ.

ಆಮೇಲಿನದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗಬೇಕು. ಸರಪಳಿ ರಾಟೆಯಿಂದ ಬಳೆಯನ್ನು ಎತ್ತಿ, ಇಕ್ಕಳದಲ್ಲಿ ಹಿಡಿದು ತಂದು, ಪಕ್ಕದಲ್ಲಿ ಮಲಗಿಸಿದ ಮರದ ಚಕ್ರಕ್ಕೆ ತೊಡಿಸುತ್ತಾರೆ. ಮರ ಭಗ್ಗೆಂದು ಹತ್ತಿಕೊಳ್ಳುತ್ತದೆ. ಸುತ್ತ ಓಡಾಡುತ್ತಾ ಸುತ್ತಿಗೆಯಿಂದ ಬಡಿದು ಬಡಿದು ಕೂರಿಸಿ, ತಗಡಿನ ಹೂಜಿಯಿಂದ ನೀರು ಸುರಿಯುತ್ತಾರೆ. ಬಿಳಿ ಆವಿಯಲ್ಲಿ ಮನುಷ್ಯರೇ ಕಾಣಿಸುವುದಿಲ್ಲ. ಒಳಗಿನಿಂದ ಒಂದು ಸದ್ದು ಮಾತ್ರ ಬರುತ್ತದೆ. ಕಬ್ಬಿಣ ಆರುತ್ತಾ ಕುಗ್ಗಿ, ಮರದ ಒಂದೊಂದು ಸಂದನ್ನೂ ಹಿಡಿದು ಅಮುಕುವ ಕಟಕಟ ಸದ್ದು.

"ಈ ಸದ್ದು ಕೇಳೋಕೇ ನಾನು ಬೆಳಿಗ್ಗೆ ಏಳೋದು" ಎನ್ನುತ್ತಾರೆ ಥೋರಾ, ಆವಿಯಿಂದ ಹೊರಬಂದು ಹಣೆ ಒರೆಸಿಕೊಳ್ಳುತ್ತಾ. "ಇದು ಕೇಳ್ತು ಅಂದ್ರೆ ಆ ಚಕ್ರ ಯಾರನ್ನೂ ಬೀಳಿಸಲ್ಲ."

ಅರವತ್ತು ದಾಟಿದ ಹೆಂಗಸು. ನರೆತ ಜಡೆಯನ್ನು ಅಂಗಿಯ ಕಾಲರಿನೊಳಗೆ ಸಿಕ್ಕಿಸಿಕೊಂಡಿರುತ್ತಾರೆ, ಕಾಲಲ್ಲಿ ಗಂಡಸರ ಬೂಟು. ಸೊಂಟಕ್ಕೆ ಕಟ್ಟಿದ ತೊಗಲಿನ ಹೊದಿಕೆ ಅಪ್ಪ ಹೈರಮ್ ಅವರದು. ಉದ್ದ ಹೆಚ್ಚೆಂದು ಕೆಳಗಡೆ ಕತ್ತರಿಸಿದ್ದಾರೆ. ಎಡಗೈಯ ಮೇಲೆ ಮಣಿಕಟ್ಟಿನಿಂದ ಮೊಳಕೈವರೆಗೆ ಸುಟ್ಟ ಕಲೆ. ಕಿವಿ ಸ್ವಲ್ಪ ಮಂದ. ಅದನ್ನು ಅವರು ಒಪ್ಪಿಕೊಳ್ಳುವುದಿಲ್ಲ, ಊರಿನವರೇ ಪಿಸುಗುಟ್ಟುವುದನ್ನು ಕಲಿತಿದ್ದಾರೆ ಎನ್ನುತ್ತಾರೆ. ನಮ್ಮ ಕಡೆ ಕ್ರೈಸ್ತ ದೇವಾಲಯದಲ್ಲಿ ಎಲ್ಲರೂ ಎಲ್ಲರಿಗೂ ಅಣ್ಣ, ಅಕ್ಕ. ಆ ವಾಡಿಕೆಯಂತೆ ಊರಿಗೆಲ್ಲ ಇವರು ಥೋರಕ್ಕ.

ದಕ್ಷಿಣ ಯೂಟಾದ ಈ ಕಣಿವೆಯಲ್ಲಿ ಬಂಡಿಯ ಚಕ್ರಕ್ಕೆ ಹೀಗೆ ಬೆಂಕಿಯಲ್ಲಿ ಕಬ್ಬಿಣದ ಪಟ್ಟಿ ಕಟ್ಟುವವರು ಈಗ ಅವರೊಬ್ಬರೇ. ಅಪ್ಪನ ಕಾಲದಲ್ಲಿ ಅಂಗಳದ ತುಂಬ ಚಕ್ರಗಳಿದ್ದವಂತೆ. ಈಗ ತಿಂಗಳಿಗೆ ನಾಲ್ಕೋ ಐದೋ. ಹಬ್ಬದ ಮೆರವಣಿಗೆಯ ಬಂಡಿಯವರು ಬರುತ್ತಾರೆ, ಒಂದೊಂದು ಸಲ ವಸ್ತುಸಂಗ್ರಹಾಲಯದವರು. ಹೆಚ್ಚಿನವರು ಚಕ್ರವನ್ನು ಹೂದೋಟದ ಬೇಲಿಗೆ ಒರಗಿಸಿಡುವ ಪಟ್ಟಣದವರು. ಒರಗಿಸಿಡುವ ಚಕ್ರಕ್ಕೂ ಥೋರಕ್ಕ ಇದೇ ಬೆಂಕಿ ಹಾಕಿ, ಇದೇ ಪಟ್ಟಿ ಬಿಗಿಯುತ್ತಾರೆ. ಬೇಲಿಗೆ ಒರಗುವ ಚಕ್ರಕ್ಕೆ ಇಷ್ಟೆಲ್ಲ ಯಾಕೆಂದು ಯಾರೋ ಕೇಳಿದ್ದಕ್ಕೆ, "ನಾಳೆ ನಿಮ್ಮ ಮೊಮ್ಮಗ ಅದನ್ನ ಬಿಚ್ಚಿ ಗಾಡಿಗೆ ಹಾಕಲ್ಲ ಅಂತ ಬರ್ಕೊಡ್ತೀರಾ?" ಎಂದು ಬಾಯಿ ಮುಚ್ಚಿಸಿದ್ದರು.

ಚಕ್ರ ಇನ್ನೂ ಆರುತ್ತಿರುವಾಗಲೇ ಓಣಿಯ ತಿರುವಿನಲ್ಲಿ ಪಿಕಪ್ ಗಾಡಿಯ ಸದ್ದು. ಇಳಿದವರು ಲಮಾರ್ ಸ್ಟಾಕರ್. ಪಕ್ಕದ ಚಿತ್ರಮಂದಿರ ಅವರದೇ, ತಂದೆಯಿಂದ ಬಂದದ್ದು. ಮರುದಿನ ಜುಲೈ ತಿಂಗಳ ಪೂರ್ವಿಕರ ಹಬ್ಬ. ಬೆಳಿಗ್ಗೆ ಬಂಡಿ ಮೆರವಣಿಗೆ, ಸಂಜೆ ಲಮಾರ್ ಅವರ ಮಂದಿರದಲ್ಲಿ ಊರಿಗೆಲ್ಲ 'ಹೊಳೆಯಾಚೆಯ ನೆಲ' ಚಿತ್ರ. ಎರಡೂ ಲಮಾರ್ ಅವರ ತಲೆಯ ಮೇಲಿನ ಹೊರೆ. ಅವರ ಗಾಡಿಯ ಹಿಂಭಾಗದಲ್ಲಿ ಮೂರು ದೊಡ್ಡ ಚಕ್ರಗಳಿವೆ.

"ಏನ್ ಥೋರಕ್ಕ, ಬೆಳಬೆಳಿಗ್ಗೆ ಬೆಂಕಿ ಜೊತೆ ಜಗಳಾನಾ?"

"ಬೆಂಕಿ ನನ್ನ ಮಾತು ಕೇಳುತ್ತಪ್ಪ, ನಿನ್ನ ಥರ ಅಲ್ಲ. ಏನ್ ತಂದೆ?"

ಲಮಾರ್ ಒಂದು ಚಕ್ರವನ್ನು ಹಿಡಿದು ಅಲ್ಲಾಡಿಸಿದರು. ಪಟ್ಟಿ ಲೊಟಲೊಟ ಎಂದಿತು. "ಮೆರವಣಿಗೆ ಬಂಡೀದು. ವರ್ಷವಿಡೀ ಕೊಟ್ಟಿಗೇಲಿ ನಿಂತು ಮರ ಒಣಗಿ ಕುಗ್ಗಿದೆ. ನಾಲ್ಕನೇದು ಚೆನ್ನಾಗಿದೆ. ನೀವೇನೂ ಮಾಡೋದು ಬೇಡ. ನಿಮ್ಮ ಹಿತ್ತಲ ಹಳ್ಳದಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿಟ್ಟು ಹೋಗ್ತೀನಿ. ನಾಳೆ ಬೆಳಿಗ್ಗೆಗೆ ನೀರು ಕುಡಿದು ಉಬ್ಬಿ ತಾನೇ ಬಿಗಿಯಾಗುತ್ತೆ."

"ನನ್ನ ಹಳ್ಳಕ್ಕೆ ಚಕ್ರ ಇಳಿಯಲ್ಲ, ಲಮಾರ್."

"ಅಯ್ಯೋ, ಎಲ್ಲರೂ ಮಾಡೋದೇ ಅಲ್ವಾ ಥೋರಕ್ಕ? ಒಂದು ದಿನಕ್ಕೆ ತಾನೆ!"

ಥೋರಕ್ಕನ ಕೈ ಸುತ್ತಿಗೆಯ ಮೇಲೆ ನಿಂತುಬಿಟ್ಟಿತು. 

"ಬಂಡಿ ಯಾರು ಓಡಿಸ್ತಾರೆ ಈ ಸಲ?"

"ಮಾರ್ಲಾ. ನನ್ನ ಮಗಳು. ಹೋದ ವರ್ಷದಿಂದ ಹಟ ಹಿಡಿದು ಕೂತಿದ್ದಾಳೆ."

"ಕೂತ್ಕೋ ಇಲ್ಲಿ" ಎಂದು ಥೋರಕ್ಕ ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದ ಪೀಪಾಯಿ ತೋರಿಸಿದರು. ಪುದೀನ ಹಾಕಿ ಕುದಿಸಿದ ನೀರನ್ನು ಎರಡು ತಗಡಿನ ಲೋಟಗಳಿಗೆ ಬಗ್ಗಿಸಿದರು. ನಲವತ್ತು ವರ್ಷ ಬಾಯಿಂದ ಹೊರಬಿಡದ ಮಾತನ್ನು ಅವತ್ತು ಹೇಳಿದರು.

ಈ ಕಣಿವೆಗೆ ಚಿತ್ರದವರು ಬಂದಾಗ ಥೋರಾಗೆ ಇಪ್ಪತ್ತೆರಡು, ತಮ್ಮ ರೂಲನ್‌ಗೆ ಹತ್ತೊಂಬತ್ತು. ಬಂಡಿಸಾಲು ಕಟ್ಟಿಕೊಂಡು ಪಶ್ಚಿಮಕ್ಕೆ ನೆಲ ಹುಡುಕಿ ಹೊರಟವರ ಕತೆ. ನಮ್ಮ ಅಜ್ಜ ಅಜ್ಜಿಯರು ಹಾಗೆ ಬಂದವರೇ ಆದ್ದರಿಂದ ವೇಷಕ್ಕೆ ಬೇರೆ ಊರಿನಿಂದ ಜನ ತರಬೇಕಾಗಲಿಲ್ಲ. ಪೆಟ್ಟಿಗೆಯ ತಳದಲ್ಲಿದ್ದ ಲಂಗ, ಟೋಪಿಗಳನ್ನೇ ಹಾಕಿಕೊಂಡು ಊರಿಗೆ ಊರೇ ಕ್ಯಾಮೆರಾದ ಮುಂದೆ ನಡೆಯಿತು. ಹೈರಮ್ ಆಲ್ರೆಡ್ ಅವರಿಗೆ ಬಂಡಿಗಳ ಉಸ್ತುವಾರಿ. ಬಂಡಿಗಳು ಕಡಲ ತೀರದ ಕಡೆಯಿಂದ ಬಂದಿದ್ದವು, ಅಲ್ಲಿನ ತೇವದ ಗಾಳಿಗೆ ಒಗ್ಗಿದ ಮರ. ಇಲ್ಲಿನ ಬಿಸಿಲಿಗೆ ವಾರ ಕಳೆಯುವುದರೊಳಗೆ ಚಕ್ರಗಳೆಲ್ಲ ಕುಗ್ಗಿ ಪಟ್ಟಿ ಸಡಿಲವಾದವು. ಅಪ್ಪ, ಮಗ ಒಂದೊಂದನ್ನೇ ಬೆಂಕಿಗೆ ಹಾಕಿ ಸರಿಮಾಡುತ್ತಾ ಬಂದರು.

ಕತೆಯಲ್ಲಿ ಗಂಡನನ್ನು ಕಳೆದುಕೊಂಡ ನಾಯಕಿ, ತಾನೇ ಲಗಾಮು ಹಿಡಿದು, ಹೊಳೆಗೆ ಇಳಿಯುವ ಕಡಿದಾದ ಕೆಂಪು ಜಾಡಿನಲ್ಲಿ ಬಂಡಿ ಓಡಿಸುತ್ತಾಳೆ. ನಟಿಯನ್ನು ಆ ಇಳಿಜಾರಿಗೆ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಹೇಸರಗತ್ತೆಗಳನ್ನು ರೂಲನ್‌ನಷ್ಟು ಚೆನ್ನಾಗಿ ಓಡಿಸುವವರು ಕಣಿವೆಯಲ್ಲೇ ಇರಲಿಲ್ಲ. ಆಳೂ ಸಣಕಲು. ಅವನಿಗೇ ನೀಲಿ ನಿಲುವಂಗಿ ತೊಡಿಸಿ, ತಲೆಗೆ ಹಳದಿ ಕುಲಾವಿ ಕಟ್ಟುವುದೆಂದಾಯಿತು.

"ಮದುಮಗಳೇ, ಮದುಮಗಳೇ ಅಂತ ಇಡೀ ಬೆಳಿಗ್ಗೆ ಗೋಳು ಹೊಯ್ಕೊಂಡಿದ್ದೆ ಅವನನ್ನ" ಎಂದು ಥೋರಕ್ಕ ನೆನೆಯುತ್ತಾರೆ. "'ಅಕ್ಕಾ, ಗಾಳಿಗೆ ಇದು ಹಾರಿಹೋದ್ರೆ ಊರವರು ನನ್ನ ಮುಖ ನೋಡ್ಬಿಡ್ತಾರೆ ಕಣೇ, ಬಿಗಿಯಾಗಿ ಕಟ್ಟು' ಅಂದ. ಗಲ್ಲದ ಕೆಳಗೆ ಹೊರೆ ಕಟ್ಟೋ ಗಂಟು ಹಾಕಿ ಎಳೆದು ಕಟ್ಟಿದೆ. 'ಉಸಿರು ಕಟ್ಟುತ್ತೆ, ಪಾಪಿ' ಅಂದ. ನಗ್ತಾ ಹೋದ."

ಹಿಂದಿನ ದಿನ ಆ ಬಂಡಿಯ ಚಕ್ರಗಳಲ್ಲಿ ಪಟ್ಟಿ ಸಡಿಲವಾಗಿದ್ದನ್ನು ಹೈರಮ್ ಕಂಡಿದ್ದರು. ಬೆಂಕಿಗೆ ಹಾಕಬೇಕು, ಒಂದು ದಿನ ಬೇಕು ಎಂದರು. ಚಿತ್ರದವರಿಗೆ ಆ ಒಂದು ದಿನ ಇರಲಿಲ್ಲ. ಹಳ್ಳದಲ್ಲಿ ನೆನೆಹಾಕಿದರೆ ಆಗುವುದಿಲ್ಲವೇ, ಒಂದು ದಿನಕ್ಕೆ ತಾನೆ ಎಂದರು. ಇಲ್ಲಿನ ಎಲ್ಲ ಮನೆಗಳಲ್ಲೂ ನಡೆಯುವ ಉಪಾಯವೇ ಅದು. ಹುಲ್ಲಿನ ಬಂಡಿ ಹೊರಡಿಸುವ ಮುನ್ನಾದಿನ ಚಕ್ರ ನೆನೆಹಾಕದ ರೈತನೇ ಇರಲಿಲ್ಲ. ಹೈರಮ್ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಬೆಳಿಗ್ಗೆ ಮೊದಲ ಬಿಸಿಲಿಗೇ ಓಡಿಸಿ ಮುಗಿಸಬೇಕೆಂದು ಮಾತಾಗಿತ್ತು.

ಬೆಳಿಗ್ಗೆ ಮೋಡ ಮುಚ್ಚಿತು. ಮೋಡ ಸರಿದ ಮೇಲೆ ನಟಿಯ ಮುಖದ ದೃಶ್ಯಗಳನ್ನು ಮೊದಲು ತೆಗೆದುಕೊಂಡರು. ಬಂಡಿ ಬೆಟ್ಟದ ನೆತ್ತಿಯ ಮೇಲೆ ಜುಲೈ ಬಿಸಿಲಿನಲ್ಲಿ ನಿಂತೇ ಇತ್ತು. ಊರಿನ ವೇಷಧಾರಿಗಳನ್ನೆಲ್ಲ ಮನೆಗೆ ಕಳಿಸಿ, ಇಳಿಬಿಸಿಲಿನಲ್ಲಿ ರೂಲನ್‌ಗೆ ಕೈ ಬೀಸಿದಾಗ ಚಕ್ರ ಕುಡಿದ ನೀರೆಲ್ಲ ಆರಿಹೋಗಿತ್ತು. ಅರ್ಧ ಇಳಿಜಾರಿನಲ್ಲಿ ಹಿಂದಿನ ಎಡಚಕ್ರದ ಪಟ್ಟಿ ಕಳಚಿತು, ಚಕ್ರ ಬಿಚ್ಚಿಕೊಂಡು ಹಾರಿತು. ಬಂಡಿ ಮಗುಚಿ ರೂಲನ್‌ನ ಮೇಲೆ ಬಿತ್ತು. ಹೇಸರಗತ್ತೆಗಳು ಸಂಜೆ ತಾವಾಗಿಯೇ ಮನೆಗೆ ಬಂದವು, ಮೈಮೇಲೆ ಒಂದು ಗೀರೂ ಇಲ್ಲದೆ.

"ಅಪ್ಪ ಅವನನ್ನ ಎತ್ಕೊಂಡು ಬಂದ್ರು. ನೀಲಿ ನಿಲುವಂಗೀಲೇ ಇದ್ದ. ಕುಲಾವಿ ಗಂಟು ಬಿಚ್ಚೋಕೆ ಆಗದೆ ಅಮ್ಮ ಕತ್ತರಿ ತಂದ್ರು."

ಸಂಜೆಯೇ ಚಿತ್ರದವರು ಮನೆಗೆ ಬಂದರು. ನಟಿಯೇ ಬಂಡಿ ಓಡಿಸುತ್ತಾಳೆಂದು ಪತ್ರಿಕೆಗಳಿಗೆ ಆಗಲೇ ಹೇಳಿಯಾಗಿದೆ, ಹುಡುಗ ಬಂಡಿ ಹಿಂದಿರುಗಿಸುವಾಗ ದಾರಿಯಲ್ಲಿ ಬಿದ್ದನೆಂದರೆ ಆಯಿತಲ್ಲ, ಆಗ ಚಕ್ರದ ವಿಷಯವನ್ನೂ ಯಾರೂ ಕೆದಕುವುದಿಲ್ಲ ಎಂದರು. ಹೈರಮ್ ಚಿತ್ರದವರ ಕೈ ಹಿಡಿದು, ಹಾಗೇ ಆಗಲೆಂದು ಮಾತು ಕೊಟ್ಟರು. ಈ ಕಣಿವೆಯಲ್ಲಿ ಕೈ ಹಿಡಿದು ಕೊಟ್ಟ ಮಾತನ್ನು ಮುರಿಯುವವರಿಲ್ಲ. ಅಂಥ ಮಾತನ್ನು ಚಿತ್ರದವರು ಕೇಳಲೇಬಾರದಿತ್ತು ಎಂದು ಮಾತ್ರ ಹೇಳಬಹುದು. ಚಿತ್ರದವರ ಬಳಿ ಆ ದೃಶ್ಯದ ಒಂದೇ ತುಣುಕಿತ್ತು. ಅದನ್ನೇ ಇಟ್ಟುಕೊಂಡರು. ಮಗುಚಿದ ಬಂಡಿಯಿಂದ ನಟಿ ಎದ್ದು ಬರುವ ಹಾಗೆ ಬೇರೆ ಕಡೆ ತೆಗೆದು ಜೋಡಿಸಿದರು.

ಥೋರಾ ಆ ಬೇಸಿಗೆ ಕಳೆದ ಮೇಲೆ ದಾದಿಯ ಕೆಲಸ ಕಲಿಯಲು ಸಾಲ್ಟ್ ಲೇಕ್ ಪಟ್ಟಣಕ್ಕೆ ಹೊರಡಬೇಕಿತ್ತು. ಪೆಟ್ಟಿಗೆ ಕಟ್ಟಿಯಾಗಿತ್ತು. ಕುಲುಮೆಯಲ್ಲಿ ಅಪ್ಪ ಒಬ್ಬರೇ ಬಳೆಯ ಒಂದು ತುದಿ ಹಿಡಿದು, ಇನ್ನೊಂದು ತುದಿ ಹಿಡಿಯುವವರಿಗಾಗಿ ತಿರುಗಿ ನೋಡಿ, ಸುಮ್ಮನೆ ಕೆಳಗಿಡುವುದನ್ನು ಅವರು ಕಿಟಕಿಯಿಂದ ಕಂಡರು. ಪೆಟ್ಟಿಗೆ ಬಿಚ್ಚಿದರು. ಮದುವೆ ಮಾತಾಗಿದ್ದ ಹುಡುಗ, ಮಸಿ ಮೆತ್ತಿದ ಹೆಂಡತಿ ಬೇಡವೆಂದು ಬೇರೆ ಕಡೆ ನೋಡಿಕೊಂಡ. "ಅವನ ಬಂಡೀನೂ ಒಂದ್ಸಲ ರಿಪೇರಿಗೆ ಬಂತು. ಚೆನ್ನಾಗೇ ಮಾಡಿಕೊಟ್ಟೆ" ಎಂದು ಥೋರಕ್ಕ ನಗುತ್ತಾರೆ.

ಹೈರಮ್ ಅದಾದ ಮೇಲೆ ಒಂದು ಚಕ್ರವನ್ನೂ ಹಳ್ಳಕ್ಕೆ ಇಳಿಸಲಿಲ್ಲ. ಯಾಕೆಂದು ಕೇಳಿದವರಿಗೆ ಹೇಳಲೂ ಇಲ್ಲ. ಸಾಯುವ ತನಕ, ಹಳ್ಳ ಕಾಣುವ ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ಕೆಲಸ ಮಾಡಿದರು. ಥೋರಕ್ಕನೂ ಅಪ್ಪನ ಜಾಗದಲ್ಲೇ, ಅದೇ ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತಾರೆ.

ಇನ್ನು 'ಹೊಳೆಯಾಚೆಯ ನೆಲ' ತೋರಿಸುವ ಸಂಜೆಯ ನಮ್ಮೂರ ಪದ್ಧತಿ. ಪರದೆಯ ಮೇಲೆ ಯಾರ ಮನೆಯವರು ಹಾದುಹೋದರೂ ಆ ಮನೆಯವರು ಹೆಸರು ಕೂಗಬೇಕು. "ಅಜ್ಜಿ ಅಫ್ಟನ್!" ಎಂದು ಒಬ್ಬರು ಕೂಗಿದರೆ ಮಂದಿರವೆಲ್ಲ "ಎಲ್ಲಿ?" ಎನ್ನುತ್ತದೆ. ಕೂಗಿದವರು ಎದ್ದು ನಿಂತು, "ನೀರಿನ ಪೀಪಾಯಿ ಪಕ್ಕ, ಕೋಳಿ ಹಿಡ್ಕೊಂಡೋಳು" ಎಂದು ಜಾಗ ತೋರಿಸಬೇಕು. ಆಮೇಲೆ ಎಲ್ಲರೂ ಆ ಹೆಸರನ್ನು ಒಟ್ಟಿಗೆ ಒಮ್ಮೆ ಹೇಳುತ್ತಾರೆ. ಸತ್ತವರು, ಊರು ಬಿಟ್ಟವರು, ಜಗಳವಾಡಿ ಮಾತು ಬಿಟ್ಟವರು ಎಲ್ಲರ ಹೆಸರೂ ವರ್ಷಕ್ಕೊಮ್ಮೆ ಹಾಗೆ ಊರಿನ ಬಾಯಲ್ಲಿ ಬರುತ್ತದೆ. ನಾಯಕ, ನಾಯಕಿ ಏನು ಮಾತಾಡುತ್ತಾರೆಂದು ಈ ಗದ್ದಲದಲ್ಲಿ ಕೇಳಿಸಿಕೊಂಡವರು ಯಾರೂ ಇಲ್ಲ.

ಇಳಿಜಾರಿನ ದೃಶ್ಯದಲ್ಲಿ ಮಾತ್ರ ಯಾರ ಹೆಸರೂ ಇಲ್ಲ. ಹಳದಿ ಕುಲಾವಿಯ ನಟಿ ತಾನೇ? ಅವಳು ಯಾರ ಮನೆಯವಳೂ ಅಲ್ಲ. ಚಕ್ರ ಹಾರಿ, ಬಂಡಿ ಮಗುಚುವಾಗ ಮಂದಿರ ಬಿದ್ದುಹೋಗುವ ಹಾಗೆ ಚಪ್ಪಾಳೆ, ಸಿಳ್ಳೆ. ನಮ್ಮೂರ ಬೆಟ್ಟ ಅಷ್ಟು ಚೆನ್ನಾಗಿ ಕಾಣುವುದು ಅಲ್ಲೇ.

ಗೋಡೆಯ ಈಚೆ ಕುಲುಮೆಯಲ್ಲಿ, ಹಾಲಿಗೆ ಬ್ರೆಡ್ಡು ಮುರಿದು ಹಾಕಿಕೊಂಡು, ಜೊತೆಗೊಂದು ಈರುಳ್ಳಿ ಇಟ್ಟುಕೊಂಡು ಊಟಕ್ಕೆ ಕೂತ ಥೋರಕ್ಕನಿಗೆ ಪ್ರತಿ ವರ್ಷ ಅದು ಕೇಳಿಸುತ್ತಿತ್ತು. ಮೊದಲು ಚಕ್ರಗಳ ಗುಡುಗು, ಅದರ ಹಿಂದೆಯೇ ಚಪ್ಪಾಳೆ. ಮಂದ ಕಿವಿಗೂ ಕೇಳಿಸುವಷ್ಟು.

ಇಷ್ಟು ಕೇಳುವ ಹೊತ್ತಿಗೆ ಲಮಾರ್ ಅವರ ಲೋಟದ ನೀರು ತಣ್ಣಗಾಗಿತ್ತು.

"ಮೊದಲು ಚಪ್ಪಾಳೆ ಶುರು ಮಾಡೋನೇ ನಾನು, ಥೋರಕ್ಕ."

"ಗೊತ್ತು. ನಿನ್ನ ಕೈ ದೊಡ್ಡದು. ಗೋಡೆ ಈಚೆಗೂ ಗುರುತು ಸಿಗುತ್ತೆ."

"ಒಂದು ಮಾತು ಹೇಳ್ಬಾರ್ದಾಗಿತ್ತಾ? ಇಷ್ಟು ವರ್ಷ..."

"ಹೇಗೆ ಹೇಳ್ಲಿ? ತಮ್ಮನ ಹೆಸರು ಕೂಗಿದ್ರೆ, ಅವನು ಹೇಗೆ ಸತ್ತ ಅಂತ ಕೇಳ್ತೀರ. ಚಕ್ರದ ಕೆಲಸ ಯಾರದು ಅಂತ ಕೇಳ್ತೀರ. ಅಪ್ಪ ಒಂದೇ ಒಂದ್ಸಲ ತಪ್ಪಿದ್ದು. ಅದನ್ನ ಊರಿನ ಬಾಯಿಗೆ ಹಾಕ್ಲಾ? ಒಬ್ಬನ ಹೆಸರು ಎತ್ತಿದ್ರೆ ಇನ್ನೊಬ್ಬರ ಹೆಸರು ಕೆಡುತ್ತೆ."

"ಮತ್ತೆ ಇವತ್ತು ಹೇಳಿದ್ರಲ್ಲ."

"ನೀನು ಆ ಚಕ್ರಾನ ಹಳ್ಳಕ್ಕೆ ಹಾಕಿ ಮಗಳನ್ನ ಕೂರಿಸ್ತೀನಿ ಅಂದ್ಯಲ್ಲ. ಸುಮ್ನೆ ಇರೋದಕ್ಕೂ ಒಂದು ಮಿತಿ ಇದೆ."

ಲಮಾರ್ ಲೋಟ ಕೆಳಗಿಟ್ಟರು. ಆ ತುಣುಕನ್ನು ಕತ್ತರಿಸಿ ತೆಗೆದುಬಿಡುತ್ತೇನೆ, ನನ್ನ ಮಂದಿರದಲ್ಲಿ ಇನ್ನು ಅದು ಓಡುವುದಿಲ್ಲ ಎಂದರು. ಥೋರಕ್ಕ ಗಾಬರಿಯಾಗಿ ಅವರ ತೋಳು ಹಿಡಿದುಕೊಂಡರು.

"ಬೇಡ, ಬೇಡ. ಕತ್ತರಿಸ್ಬೇಡ. ಅವನು ಕೈಕಾಲು ಆಡಿಸೋದು ಅದೊಂದರಲ್ಲೇ ಉಳಿದಿರೋದು. ನಾನಿನ್ನೂ ನೋಡೇ ಇಲ್ಲ."

ಮಾತು ಅಲ್ಲಿಗೆ ನಿಂತು ಕೆಲಸ ಶುರುವಾಯಿತು. ಮೂರು ಚಕ್ರ, ಒಂದು ಹಗಲು. ಪರದೆ ಒರೆಸುವುದು, ಕುರ್ಚಿ ಜೋಡಿಸುವುದು ಎಲ್ಲ ಬಿಟ್ಟು ಲಮಾರ್ ಕೊರಡು ಹೊತ್ತರು, ನೀರು ಸೇದಿದರು. ಒಂದೊಂದು ಪಟ್ಟಿಯನ್ನೂ ಬಿಚ್ಚಿ, ಹೆಚ್ಚಾದಷ್ಟನ್ನು ಕತ್ತರಿಸಿ, ಮತ್ತೆ ಬೆಸೆದು, ಬೆಂಕಿಗಿಟ್ಟು ತೊಡಿಸಬೇಕು. ಬಳೆಯ ಇನ್ನೊಂದು ತುದಿ ಹಿಡಿಯಲು ಬಂದ ಲಮಾರ್ ಅಂಗೈ ಸುಟ್ಟುಕೊಂಡು ಕುಣಿದಾಡಿದರು. "ಚಪ್ಪಾಳೆ ಹೊಡೆಯೋ ಕೈ, ಜೋಪಾನ" ಎಂದು ಥೋರಕ್ಕ ಛೇಡಿಸಿದರು. ಅವರ ಕಣ್ಣು ಒದ್ದೆಯಾಗಿದ್ದದ್ದು ಹೊಗೆಗೋ ಬೇರೆಯದಕ್ಕೋ ಲಮಾರ್ ಕೇಳಲಿಲ್ಲ. ಸಂಜೆಗೆ ಮೂರೂ ಚಕ್ರಗಳು ಗೋಡೆಗೆ ಒರಗಿ ನಿಂತವು. ಥೋರಕ್ಕ ಒಂದೊಂದರ ಮೇಲೂ ಸುತ್ತಿಗೆಯಿಂದ ತಟ್ಟಿ, ಕಿವಿಯನ್ನು ಹತ್ತಿರ ಇಟ್ಟು ಕೇಳಿ, ತಲೆಯಾಡಿಸಿದರು.

ಹಬ್ಬದ ಬೆಳಿಗ್ಗೆ ಬಂಡಿ ಹೊರಟಿತು. ಮಾರ್ಲಾ ಎತ್ತರದ ಹಲಗೆಯ ಮೇಲೆ ಕೂತು, ಹೇಸರಗತ್ತೆಗಳನ್ನು ಗದರಿಸುತ್ತಾ, ದೇವಾಲಯದ ದಿಬ್ಬದಿಂದ ಮುಖ್ಯಬೀದಿಗೆ ಇಳಿದಳು. ಮಕ್ಕಳು ಮಿಠಾಯಿಗಾಗಿ ಹಿಂದೆ ಓಡಿದರು. ದಿಬ್ಬದ ಬುಡದಲ್ಲಿ, ಗುಂಪಿನಿಂದ ಸ್ವಲ್ಪ ದೂರ ನಿಂತ ಥೋರಕ್ಕ ಬಂಡಿಯ ಮೇಲಿನವಳನ್ನು ನೋಡಲಿಲ್ಲ, ಹಿಂದಿನ ಎಡಚಕ್ರವನ್ನೇ ನೋಡುತ್ತಿದ್ದರು. ಅದು ತಿರುಗುತ್ತಾ ಸಮತಟ್ಟಾದ ಬೀದಿಗೆ ಇಳಿದ ಮೇಲೆ ಮನೆಯ ಕಡೆ ನಡೆದರು.

ಸಂಜೆ ಮಂದಿರದ ಬಾಗಿಲಲ್ಲಿ ಅವರನ್ನು ಕಂಡವರು ದಾರಿ ಬಿಟ್ಟುಕೊಟ್ಟು ಮುಖ ಮುಖ ನೋಡಿಕೊಂಡರು. ತೊಗಲಿನ ಹೊದಿಕೆ ಇಲ್ಲದ ಥೋರಕ್ಕನನ್ನು ಭಾನುವಾರ ಬಿಟ್ಟು ಬೇರೆ ದಿನ ಕಂಡವರು ಕಡಿಮೆ. ಬೂದು ಬಣ್ಣದ ಉಡುಪು, ಕೈಯಲ್ಲೊಂದು ಕರವಸ್ತ್ರ. ಕೊನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂತರು. ಅವರ ಹಿಂದೆಯೇ, ಗೋಡೆಗೆ ಒರಗಿ, ಅಂಗೈಗೆ ಬಟ್ಟೆ ಸುತ್ತಿಕೊಂಡ ಲಮಾರ್.

ಚಿತ್ರ ಶುರುವಾಯಿತು, ಕೂಗೂ ಶುರುವಾಯಿತು. ಅಜ್ಜಿ ಅಫ್ಟನ್ ಬಂದರು, ಕೋಳಿಯೂ ಬಂತು. ಪಿಟೀಲು ಬಾರಿಸುವವರು, ಸೌದೆ ಒಡೆಯುವವರು, ಕ್ಯಾಮೆರಾ ನೋಡಬೇಡವೆಂದರೂ ಕೇಳದೆ ನೇರ ನಮ್ಮನ್ನೇ ನೋಡುವ ಮಕ್ಕಳು. ಒಂದೊಂದು ಹೆಸರಿಗೂ "ಎಲ್ಲಿ?" ಎಂದಾಗ ಥೋರಕ್ಕನ ಕೈಯ ಕರವಸ್ತ್ರ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಿತ್ತು.

ಬೆಟ್ಟದ ನೆತ್ತಿ ಕಾಣಿಸಿತು. ಹಳದಿ ಚುಕ್ಕೆಯೊಂದು ಬಂಡಿಯ ಮುಂದೆ. ಜನ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು, ಸಿಳ್ಳೆಗೆ ಬೆರಳು ಬಾಯಿಗೆ ಹೋದವು. ಚಕ್ರಗಳ ಗುಡುಗು ಎದ್ದಿತು. ಮುಂದಿನ ಸಾಲಿನಲ್ಲಿ ಯಾರೋ ಆಗಲೇ ಕೈ ತಟ್ಟಿದರು.

"ರೂಲನ್!"

ಚಪ್ಪಾಳೆಯ ನಡುವೆ ಅದು ಅರ್ಧ ಮಾತ್ರ ಕೇಳಿಸಿತು. ಆದರೂ ನಲವತ್ತು ವರ್ಷಗಳ ರೂಢಿ. ಹೆಸರೊಂದು ಬಿದ್ದರೆ ಮಂದಿರ ಕೇಳಲೇಬೇಕು. "ಎಲ್ಲಿ?" ಎಂದು ನಗುತ್ತಲೇ ಕೇಳಿತು.

ಥೋರಕ್ಕ ಎದ್ದು ನಿಂತಿದ್ದರು.

"ಬಂಡಿ ಮೇಲೆ. ಹಳದಿ ಕುಲಾವಿ ಒಳಗೆ. ನನ್ನ ತಮ್ಮ."

ಪರದೆಯ ಮೇಲೆ ಚಕ್ರ ಹಾರಿತು. ಬಂಡಿ ವಾಲಿತು, ಮಗುಚಿತು, ಕೆಂಪು ಧೂಳು ಎದ್ದಿತು. ತಟ್ಟಲು ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು.

"ಚಕ್ರದ ಕೆಲಸ ನಮ್ಮನೇದು" ಎಂದರು ಥೋರಕ್ಕ, ಇನ್ನೂ ನಿಂತೇ. "ನೆನೆಹಾಕಿದ್ದು. ಬಿಸಿಲಿಗೆ ಒಣಗಿತ್ತು. ಅಪ್ಪ ಬೇಡ ಅಂದಿದ್ರು, ಆಮೇಲೆ ಹೂಂ ಅಂದ್ರು. ಅಷ್ಟೆ."

ಧೂಳಿನಿಂದ ನಟಿ ಎದ್ದು ಬಂದಳು, ಕೂದಲು ಸರಿಮಾಡಿಕೊಂಡಳು, ನಾಯಕನಿಗೆ ಏನೋ ಹೇಳಿದಳು. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಮಾತು ಮಂದಿರಕ್ಕೆಲ್ಲ ಸ್ಪಷ್ಟವಾಗಿ ಕೇಳಿಸಿತು. ಯಾರಿಗೂ ಅದು ಬೇಕಿರಲಿಲ್ಲ. ಜಾಗ ತೋರಿಸಿದ ಮೇಲೆ ಹೆಸರು ಹೇಳಬೇಕು, ಆದರೆ ಯಾರ ಬಾಯೂ ಏಳಲೊಲ್ಲದು. ಕೊನೆಗೆ ಹಿಂದಿನ ಗೋಡೆಯ ಕಡೆಯಿಂದ ಲಮಾರ್ ಅವರ ಒಡೆದ ದನಿ "ರೂಲನ್" ಎಂದಿತು. ಅದರ ಹಿಂದೆ ಮಂದಿರವೆಲ್ಲ, ದೇವಾಲಯದಲ್ಲಿ ಆಮೆನ್ ಎನ್ನುವಷ್ಟು ಮೆಲ್ಲಗೆ, "ರೂಲನ್" ಎಂದಿತು.

ಥೋರಕ್ಕ ಕೂತರು. ಚಿತ್ರ ಮುಗಿಯುವವರೆಗೆ ಎದ್ದು ಹೋಗಲಿಲ್ಲ.

ಮರುದಿನ ಸೂರ್ಯ ಬಂಡೆಗಳ ಹಿಂದೆಯೇ ಇರುವಾಗ ಅಂಗಳದಲ್ಲಿ ಮತ್ತೆ ಬೆಂಕಿ. ಯಾರದೋ ಹೂದೋಟದ ಚಕ್ರ. ನಸುಕಿನಿಂದಲೇ ಒಬ್ಬೊಬ್ಬರು ಬಂದು ಬಾಗಿಲಲ್ಲಿ ಬುಟ್ಟಿ ಇಟ್ಟು ಹೋಗಿದ್ದಾರೆ. ಒಬ್ಬರು ಪೀಚ್ ಹಣ್ಣು, ಒಬ್ಬರು ಬಿಸಿ ಬ್ರೆಡ್ಡು. ಹೈರಮ್ ಅವರ ಬಗ್ಗೆ ಯಾರೂ ಒಂದು ಮಾತು ಎತ್ತಿಲ್ಲ. ಹಿರಿಯ ರೈತರೊಬ್ಬರು ಮಾತ್ರ ಟೋಪಿ ತೆಗೆದು ಹಿಡಿದು, "ನಾವೆಲ್ಲ ನೆನೆಹಾಕಿದವರೇ ಥೋರಕ್ಕ, ನಮ್ಮ ಅದೃಷ್ಟ ನೆಟ್ಟಗಿತ್ತು" ಎಂದು ಹೋದರಂತೆ. 

ಇನ್ನು ಆ ದೃಶ್ಯಕ್ಕೆ ಯಾರೂ ಚಪ್ಪಾಳೆ ಹೊಡೆಯುವುದಿಲ್ಲ ಎಂದು ಲಮಾರ್ ಮಾತು ಕೊಟ್ಟಿರುವುದನ್ನು ನಾನು ಹೇಳಿದಾಗ ಥೋರಕ್ಕ ಕಡ್ಡಿಯನ್ನು ಕಬ್ಬಿಣದ ಮೇಲೆ ಎಳೆಯುವುದನ್ನು ನಿಲ್ಲಿಸಿ ತಲೆ ಎತ್ತುತ್ತಾರೆ.

"ಅಯ್ಯೋ, ಯಾಕೆ? ಹೊಡೀಲಿ. ನಾನಿಲ್ದೇ ಹೋದ ಮೇಲೂ ಆ ಜಾಗದಲ್ಲಿ ಯಾರಾದ್ರೂ ಅವನ ಹೆಸರು ಕೂಗ್ಲಿ, ನಂಗೆ ಅಷ್ಟು ಸಾಕು. ಆಮೇಲೆ ಚಪ್ಪಾಳೇನೂ ಹೊಡೀಲಿ." ಕಡ್ಡಿಯ ತುದಿ ನೋಡಿಕೊಳ್ಳುತ್ತಾರೆ. "ಅವತ್ತು ಕತ್ತೆಗಳಿಗೆ ಒಂದು ಗೀರೂ ಆಗಿರ್ಲಿಲ್ಲ, ಯಾಕೆ ಅಂತ ನಮಗೆ ಗೊತ್ತೇ ಆಗಿರ್ಲಿಲ್ಲ. ನಿನ್ನೆ ನೋಡಿದೆ. ಚಕ್ರ ಹೋದ ಮೇಲೂ ಹಾರ್ಕೊಳ್ಬಹುದಿತ್ತು ಅವನು, ಹಾರಲಿಲ್ಲ. ಬಂಡಿ ಕತ್ತೆಗಳ ಮೇಲೆ ಬೀಳದ ಹಾಗೆ ಅವುಗಳನ್ನ ಬೆಟ್ಟದ ಕಡೆ ಎಳೆದು ಹಿಡ್ಕೊಂಡೇ ಇದ್ದ. ಲಗಾಮು ಕೈಯಿಂದ ಬಿಡ್ಲೇ ಇಲ್ಲ. ಚೆನ್ನಾಗಿ ಓಡಿಸಿದ, ನನ್ನ ತಮ್ಮ."